ದಿಲ್ಲಿ, ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಕಾರು ಅಗ್ಗವೇ? ಹಾವೇರಿಗೆ ಬರುವಷ್ಟರಲ್ಲಿ ಎಷ್ಟಾಗುತ್ತದೆ?

ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಒಂದು ಬಗೆಯ ಸಂದೇಶ ಸುತ್ತುತ್ತಿರುತ್ತದೆ. ಫಳಫಳ ಹೊಳೆಯುವ ಕಾರಿನ ನಾಲ್ಕು ಫೋಟೊ, ಕೆಳಗೊಂದು ಬೆಲೆ, ಅದರ ಕೆಳಗೆ 'ದಿಲ್ಲಿ ಗಾಡಿ, ಅರ್ಧ ರೇಟು, ಬೇಕಾದವರಿಗೆ ಕಳಿಸಿ' ಎಂಬ ಸಾಲು. ಇನ್ನೊಂದು ಗುಂಪಿನಲ್ಲಿ ಇದೇ ಮಾತು ಬೆಂಗಳೂರಿನ ಬಗ್ಗೆ ಇರುತ್ತದೆ. ರಾಣೆಬೆನ್ನೂರಿನಲ್ಲಿ ಐದು ಲಕ್ಷ ಹೇಳುವ ಕಾರು ಅಲ್ಲಿ ನಾಲ್ಕಕ್ಕೆ ಸಿಗುತ್ತದೆ, ಇಲ್ಲಿನ ದಲ್ಲಾಳಿಗಳು ಸುಲಿಯುತ್ತಿದ್ದಾರೆ ಅಂತ.

ಇದು ನಿಜವೇ? ಫೋಟೊ ಕೆಳಗಿನ ಬೆಲೆಯ ಮಟ್ಟಿಗೆ ಹಲವು ಸಲ ನಿಜ. ಊರಿನಿಂದ ಊರಿಗೆ, ರಾಜ್ಯದಿಂದ ರಾಜ್ಯಕ್ಕೆ ಹಳೆಯ ಕಾರಿನ ಬೆಲೆ ಬೇರೆಯಾಗುತ್ತದೆ. ಆದರೆ ಆ ವ್ಯತ್ಯಾಸ ಪೂರ್ತಿ ನಿಮ್ಮ ಕಿಸೆಗೆ ಬರುವುದಿಲ್ಲ. ಅದರಲ್ಲಿ ದೊಡ್ಡ ಪಾಲು ತೆರಿಗೆಗೆ ಹೋಗುತ್ತದೆ, ಸ್ವಲ್ಪ ಸಾಗಣೆಗೆ, ಉಳಿದದ್ದು ಆ ಕಾರಿನ ಬಗ್ಗೆ ನಿಮಗೆ ಗೊತ್ತಿಲ್ಲದ ಸಂಗತಿಗಳಿಗೆ. ಈ ಕೊನೆಯದೇ ಹೆಚ್ಚು ದುಬಾರಿ.

ಊರಿಗೊಂದು ಬೆಲೆ ಏಕೆ?

ಬ್ಯಾಡಗಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಅಕ್ಕಪಕ್ಕದ ಎರಡು ರಾಶಿಗೆ ಬೇರೆ ಬೇರೆ ಬೆಲೆ ಬೀಳುತ್ತದೆ. ಬಣ್ಣ ಎಷ್ಟಿದೆ, ತೇವ ಎಷ್ಟಿದೆ, ಡಬ್ಬಿಯೋ ಕಡ್ಡಿಯೋ ಎಂದು ನೋಡಿಯೇ ಖರೀದಿದಾರರು ಬೆಲೆ ಬರೆಯುತ್ತಾರೆ. ಬ್ಯಾಡಗಿ ಮೆಣಸಿನಕಾಯಿ ಎಂದು ಫೋಟೊ ಕಳಿಸಿದರೆ ಯಾವ ವ್ಯಾಪಾರಿಯೂ ಹಣ ಕೊಡುವುದಿಲ್ಲ, ಕೈಯಲ್ಲಿ ಹಿಡಿದು ಮುರಿದು ನೋಡುತ್ತಾನೆ. ಹಳೆಯ ಕಾರೂ ಹೀಗೆಯೇ. ಒಂದೇ ಕಂಪನಿ, ಒಂದೇ ಮಾಡೆಲ್, ಒಂದೇ ವರ್ಷ ಆದರೂ ಎರಡು ಕಾರು ಒಂದೇ ಅಲ್ಲ.

ಇದರ ಮೇಲೆ ಊರಿನ ಲೆಕ್ಕ ಸೇರುತ್ತದೆ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿ ವರ್ಷಗಳೇ ಆದವು, ಕಾರುಗಳೇ ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಅಲ್ಲಿ ಕೆಲಸ ಬದಲಿಸಿ ಊರು ಬಿಡುವವರು, ಹೊಸ ಮಾಡೆಲ್ ಬಂತೆಂದು ಹಳೆಯದನ್ನು ಕೊಡುವವರು ದಿನವೂ ಇದ್ದಾರೆ. ಮಾರುವವರು ಹೆಚ್ಚಾದಲ್ಲಿ ಬೆಲೆ ಇಳಿಯುತ್ತದೆ. ಹಾವೇರಿ ಜಿಲ್ಲೆಯಲ್ಲಿ ಕಾರು ಕೊಂಡವರು ಅದನ್ನು ಬೇಗ ಬಿಡುವುದಿಲ್ಲ. ಮಾರಾಟಕ್ಕೆ ಬರುವ ಗಾಡಿ ಕಡಿಮೆ, ಕೇಳುವವರು ಮಾತ್ರ ಮೆಣಸಿನಕಾಯಿ, ಹತ್ತಿ, ಗೋವಿನಜೋಳದ ದುಡ್ಡು ಕೈಗೆ ಬಂದಾಗ ಒಟ್ಟಿಗೆ ಬರುತ್ತಾರೆ.

ಕೆಲವು ಗಾಡಿಗಳಿಗೆ ಇಲ್ಲಿ ಬೇಡಿಕೆಯೇ ಬೇರೆ. ಮಾರುತಿ ಕಂಪನಿ 2020ರ ಏಪ್ರಿಲ್‌ನಲ್ಲಿ ಡೀಸೆಲ್ ಕಾರುಗಳನ್ನು ನಿಲ್ಲಿಸಿತು. ದಿನಾ ಹುಬ್ಬಳ್ಳಿ, ದಾವಣಗೆರೆ ಎಂದು ಓಡಾಡುವವರು ಹಳೆಯ ಡೀಸೆಲ್ ಸ್ವಿಫ್ಟ್, ಡಿಸೈರ್ ಹುಡುಕುತ್ತಾರೆ. ಹೊಸದು ಬರುವುದಿಲ್ಲವಾದ್ದರಿಂದ ಹಳೆಯದರ ಬೆಲೆ ಜಗ್ಗುವುದಿಲ್ಲ. ಹೆಚ್ಚಾಗಿ ನಗರದೊಳಗೇ ಓಡಾಡುವ ಬೆಂಗಳೂರಿಗನಿಗೆ ಅದೇ ಗಾಡಿ ಅಷ್ಟೇನೂ ಬೇಕಿಲ್ಲ. ದಲ್ಲಾಳಿಯ ಕಮಿಷನ್ ಇದ್ದೇ ಇದೆ, ಆದರೆ ಇಡೀ ವ್ಯತ್ಯಾಸವನ್ನು ಅವನ ತಲೆಗೆ ಕಟ್ಟುವುದು ಸರಿಯಲ್ಲ.

ದಿಲ್ಲಿ ಗಾಡಿಯ ಲೆಕ್ಕ

ಬೇರೆ ರಾಜ್ಯದ ಕಾರು ಅಗ್ಗವಾಗಿ ಕಾಣಲು ಮೊದಲ ಕಾರಣ ತೆರಿಗೆ. ಕಾರಿನ ಮೇಲಿನ ಆಜೀವ ತೆರಿಗೆ ದೇಶದಲ್ಲೇ ಹೆಚ್ಚಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಐದು ಲಕ್ಷದವರೆಗಿನ ಕಾರಿಗೆ ಶೇ. 13, ಐದರಿಂದ ಹತ್ತು ಲಕ್ಷಕ್ಕೆ ಶೇ. 14, ಹತ್ತರಿಂದ ಇಪ್ಪತ್ತಕ್ಕೆ ಶೇ. 17, ಅದರ ಮೇಲೆ ಶೇ. 18. ಈ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. ದಿಲ್ಲಿಯಲ್ಲಿ ಪೆಟ್ರೋಲ್ ಕಾರಿಗೆ ಬಹುಕಾಲದಿಂದ ಇರುವ ದರ ಬೆಲೆಗೆ ತಕ್ಕಂತೆ ಶೇ. 4ರಿಂದ 10. ಅಂದರೆ ಅಲ್ಲಿ ಮೊದಲ ಮಾಲೀಕನೇ ಕಡಿಮೆ ಹಣ ಕೊಟ್ಟು ರಸ್ತೆಗಿಳಿಸಿರುತ್ತಾನೆ, ಮಾರುವಾಗಲೂ ಕಡಿಮೆ ಕೇಳಬಲ್ಲ.

ಆ ಕಾರನ್ನು ಇಲ್ಲಿಗೆ ತಂದಾಗ ಏನಾಗುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿನ ಹೊಸ ನಂಬರ್ ಪಡೆಯಲೇಬೇಕು. ಹೊಸ ನಂಬರ್ ಎಂದರೆ ಇಲ್ಲಿನ ತೆರಿಗೆ. ಹಲವರು ಎಡವುವುದು ಇಲ್ಲಿಯೇ: ಆ ತೆರಿಗೆಯನ್ನು ನೀವು ಕೊಟ್ಟ ಸೆಕೆಂಡ್ ಹ್ಯಾಂಡ್ ಬೆಲೆಯ ಮೇಲೆ ಲೆಕ್ಕ ಹಾಕುವುದಿಲ್ಲ. ಕಾರು ಹೊಸದಿದ್ದಾಗಿನ ಬೆಲೆಯ ಮೇಲೆ ತೆರಿಗೆ ಎಷ್ಟಾಗುತ್ತಿತ್ತೋ ಅದರಲ್ಲಿ ವಯಸ್ಸಿಗೆ ತಕ್ಕಂತೆ ಒಂದು ಪಾಲು.

ಒಂದು ಉದಾಹರಣೆ ನೋಡಿ. ಹೊಸದಿದ್ದಾಗ 9 ಲಕ್ಷ ಬೆಲೆಯ ಪೆಟ್ರೋಲ್ ಕಾರು, ಈಗ ಆರು ವರ್ಷ ದಾಟಿದೆ ಎಂದುಕೊಳ್ಳಿ. 9 ಲಕ್ಷಕ್ಕೆ ಶೇ. 14 ಅಂದರೆ 1,26,000. ಸೆಸ್ 13,860. ಒಟ್ಟು 1,39,860. ಆರು ವರ್ಷ ದಾಟಿದ ಕಾರಿಗೆ ಇದರ ಸುಮಾರು ಮೂರನೇ ಎರಡು ಭಾಗ, ಅಂದರೆ 90 ಸಾವಿರದ ಆಸುಪಾಸು ಕಟ್ಟಬೇಕಾಗುತ್ತದೆ. ದಿಲ್ಲಿಯಿಂದ ಹಾವೇರಿಗೆ 1,700 ಕಿಲೋಮೀಟರಿಗೂ ಹೆಚ್ಚು ದೂರ. ಲೀಟರಿಗೆ 15 ಕಿ.ಮೀ. ಕೊಟ್ಟರೂ ಪೆಟ್ರೋಲಿಗೇ ಹತ್ತು ಸಾವಿರ ದಾಟುತ್ತದೆ. ಟೋಲ್, ನಡುವೆ ತಂಗುವ ಖರ್ಚು, ಹೋಗುವ ರೈಲು ಟಿಕೆಟ್, ಎನ್‌ಒಸಿ ಮಾಡಿಸುವ ಏಜೆಂಟನ ಹಣ ಎಲ್ಲ ಸೇರಿಸಿ. ಫೋಟೊದಲ್ಲಿ ಕಂಡ ಒಂದು ಲಕ್ಷದ ಲಾಭ ಊರಿನ ಗಡಿ ಮುಟ್ಟುವ ಮೊದಲೇ ಕರಗಿರುತ್ತದೆ. ಹಳೆಯ ರಾಜ್ಯದಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ವಾಪಸ್ ಕೇಳಲು ಹಲವು ರಾಜ್ಯಗಳಲ್ಲಿ ಅವಕಾಶವಿದೆ, ಆದರೆ ಅದಕ್ಕೆ ಅಲ್ಲಿನ ಕಚೇರಿಗೇ ಅರ್ಜಿ ಹಾಕಬೇಕು. ಬ್ಯಾಡಗಿಯಲ್ಲಿ ಕುಳಿತು ದಿಲ್ಲಿ ಕಚೇರಿಯ ಬೆನ್ನು ಹತ್ತುವುದು ಎಷ್ಟು ಜನರಿಗೆ ಆದೀತು?

'ತೆರಿಗೆ ಕಟ್ಟದೆ ಹಾಗೇ ಓಡಿಸಿ, ಯಾರೂ ಕೇಳಲ್ಲ' ಎಂಬ ಸಲಹೆಯೂ ಫಾರ್ವರ್ಡ್ ಆಗುತ್ತದೆ. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆಯವರು ಬೆಂಗಳೂರಿನಲ್ಲಿ ಹೊರರಾಜ್ಯದ ನಂಬರಿನ ಸುಮಾರು 30 ಐಷಾರಾಮಿ ಕಾರುಗಳನ್ನು ಇದೇ ಕಾರಣಕ್ಕೆ ಹಿಡಿದಿದ್ದರು. ಕೋಟಿ ಬೆಲೆಯ ಕಾರಿನವರು ವಕೀಲರನ್ನು ಇಟ್ಟುಕೊಳ್ಳುತ್ತಾರೆ, ನಾಲ್ಕು ಲಕ್ಷದ ಕಾರಿನವರಿಗೆ ಅದು ಕಷ್ಟ.

ಇನ್ನು ದಿಲ್ಲಿಯ ಡೀಸೆಲ್ ಕಾರಿನ ಕಥೆ. ಅಲ್ಲಿ ವಾಯುಮಾಲಿನ್ಯದ ಕಾರಣಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನ ಓಡಬಾರದೆಂದು ಆದೇಶಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ವಾಹನಗಳ ಮೇಲಿನ ನಿಷೇಧವನ್ನು ಎತ್ತಿಹಿಡಿಯಿತು. 2025ರ ಜುಲೈನಲ್ಲಿ ಇಂಥ ವಾಹನಗಳಿಗೆ ಬಂಕ್‌ಗಳಲ್ಲಿ ಇಂಧನವನ್ನೇ ಕೊಡಬಾರದೆಂಬ ಕ್ರಮ ಶುರುವಾಗಿ ಕೆಲವೇ ದಿನಗಳಲ್ಲಿ ನಿಂತಿತು, ಆಗಸ್ಟ್‌ನಲ್ಲಿ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದು ಸುಪ್ರೀಂ ಕೋರ್ಟ್ ಹೇಳಿತು. ನಿಯಮ ಬಿಗಿಯಾದಾಗ ಒಂಬತ್ತನೇ ವರ್ಷದ ಡೀಸೆಲ್ ಕಾರು ಅಲ್ಲಿ ನೀರಿನ ಬೆಲೆಗೆ ಬೀಳುತ್ತದೆ, ಸಡಿಲವಾದಾಗ ಮತ್ತೆ ಏರುತ್ತದೆ. ಅಂದರೆ ಅಗ್ಗದ ಕಾರಿನಲ್ಲಿ ದೋಷ ಇರಲೇಬೇಕೆಂದೇನಿಲ್ಲ. ಕರ್ನಾಟಕದಲ್ಲಿ ಅದರ 15 ವರ್ಷದ ನೋಂದಣಿ ಇನ್ನೂ ಉಳಿದಿರುತ್ತದೆ. ಆದರೆ ಉಳಿದ ಆಯಸ್ಸಿನ ಲೆಕ್ಕ ಬೇಕು: 15 ವರ್ಷ ಆದ ಮೇಲೆ ಫಿಟ್‌ನೆಸ್ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿದೆ, 20 ವರ್ಷ ದಾಟಿದ ಕಾರಿಗೆ 2025ರಿಂದ 10,000.

ಬೆಂಗಳೂರಿನ ಕಾರು ಬೇರೆ ವಿಷಯ

ರಾಜ್ಯದ ಒಳಗೆ ಈ ತೆರಿಗೆಯ ಗೋಜಿಲ್ಲ. ಬೆಂಗಳೂರಿನಲ್ಲಿ ಒಮ್ಮೆ ಕಟ್ಟಿದ ಆಜೀವ ತೆರಿಗೆ ಹಾವೇರಿಗೂ ಸಾಕು. 'ಕೆಎ-05 ಗಾಡಿ ತಂದರೆ ಕೆಎ-27 ಮಾಡಿಸಬೇಕು, ಅದಕ್ಕೆ ನಲವತ್ತು ಸಾವಿರ ಆಗುತ್ತದೆ' ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಹೆಸರು ಮತ್ತು ವಿಳಾಸ ಬದಲಾಗುತ್ತದೆ, ನಂಬರ್ ಹಾಗೇ ಉಳಿಯುತ್ತದೆ. ಕೆಎ-27 ಹಾವೇರಿಯದು, ಕೆಎ-68 ರಾಣೆಬೆನ್ನೂರಿನದು. ಇವೆರಡರ ನಡುವೆಯೂ ಬೆಲೆಗೆ ಕಾನೂನಿನ ಕಾರಣ ಏನೂ ಇಲ್ಲ, ನಮ್ಮ ಊರಿನ ನಂಬರ್ ಎಂಬ ಪ್ರೀತಿ ಅಷ್ಟೇ.

ಬೆಂಗಳೂರಿಗೆ ಸುಮಾರು 340 ಕಿ.ಮೀ. ಎರಡು ಸಲ ಹೋಗಿಬಂದು ನೋಡಿದರೂ, ಜೊತೆಗೆ ಒಬ್ಬ ಮೆಕ್ಯಾನಿಕನನ್ನು ಕರೆದುಕೊಂಡು ಹೋದರೂ, ನಿಜವಾಗಿ 50 ಸಾವಿರದ ವ್ಯತ್ಯಾಸ ಇದ್ದರೆ ಗಿಟ್ಟುತ್ತದೆ. ಆದ್ದರಿಂದ ಎರಡು ಫಾರ್ವರ್ಡ್‌ಗಳಲ್ಲಿ ಬೆಂಗಳೂರಿನದಕ್ಕೆ ಹೆಚ್ಚು ಬೆಲೆ ಇದೆ. ಒಂದು ಎಚ್ಚರ: ಅಲ್ಲಿನ ಕಾರುಗಳ ಮೇಲೆ ಸಿಗ್ನಲ್ ಕ್ಯಾಮೆರಾದ ದಂಡ ಸಾವಿರಾರು ರೂಪಾಯಿ ಬಾಕಿ ಇರುತ್ತದೆ. 2023ರಲ್ಲೂ 2025ರಲ್ಲೂ ಸರ್ಕಾರ ಅರ್ಧ ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ಕಟ್ಟಿದ್ದು ನೆನಪಿರಬಹುದು. ನಂಬರ್ ಹಾಕಿ ಬಾಕಿ ನೋಡಿ, ಮಾರುವವರಿಂದಲೇ ಕಟ್ಟಿಸಿ.

'ಕಡಿಮೆ ಓಡಿದ ಗಾಡಿ' ಎಂಬ ನಂಬಿಕೆ

ಬೆಂಗಳೂರಿನ ಕಾರನ್ನು ಹೊಗಳುವವರು ಮೊದಲು ತೋರಿಸುವುದು ಮೀಟರ್. ಅಲ್ಲಿನ ಕಾರು 40 ಸಾವಿರ ಓಡಿದೆ, ಇಲ್ಲಿನದು 80 ಸಾವಿರ. ಹಾಗಾದರೆ ಅದೇ ಒಳ್ಳೆಯದಲ್ಲವೇ?

ಎಂಜಿನ್‌ಗೆ ಕಿಲೋಮೀಟರ್ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎಷ್ಟು ಹೊತ್ತು ತಿರುಗಿದೆ, ಎಷ್ಟು ಸಲ ತಣ್ಣಗಿದ್ದು ಶುರುವಾಗಿದೆ ಎಂಬುದು. ಟಾಮ್‌ಟಾಮ್ ಸಂಸ್ಥೆಯ 2022ರ ಸಂಚಾರ ವರದಿಯಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸುಮಾರು 29 ನಿಮಿಷ ಬೇಕಾಗಿತ್ತು, ಅಂದರೆ ಗಂಟೆಗೆ 20 ಕಿ.ಮೀ. ಈ ವೇಗದಲ್ಲಿ 40 ಸಾವಿರ ಕಿ.ಮೀ. ಓಡಲು ಎಂಜಿನ್ 2,000 ಗಂಟೆ ತಿರುಗಿರಬೇಕು. ಹಾವೇರಿಯಿಂದ ಹುಬ್ಬಳ್ಳಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸರಾಸರಿ 50ರಲ್ಲಿ ಓಡಾಡಿದ ಕಾರು 80 ಸಾವಿರ ಕಿ.ಮೀ.ಗೆ 1,600 ಗಂಟೆ ಮಾತ್ರ ತಿರುಗಿರುತ್ತದೆ. ಮೀಟರಿನಲ್ಲಿ ಅರ್ಧ ಓಡಿದ ಕಾರಿನ ಎಂಜಿನ್ ನಿಜದಲ್ಲಿ ಹೆಚ್ಚು ದುಡಿದಿದೆ.

ಕ್ಲಚ್ ಮತ್ತು ಬ್ರೇಕ್ ವಿಷಯದಲ್ಲಿ ಅಂತರ ಇನ್ನೂ ಹೆಚ್ಚು. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವಾಗ ಕ್ಲಚ್ ಪ್ಲೇಟ್ ಪದೇ ಪದೇ ಉಜ್ಜುತ್ತದೆ, ಹೆದ್ದಾರಿಯಲ್ಲಿ ಐದನೇ ಗೇರಿಗೆ ಹಾಕಿದ ಮೇಲೆ ಅದಕ್ಕೆ ಕೆಲಸವೇ ಇಲ್ಲ. ಬಿಎಸ್-6 ಡೀಸೆಲ್ ಕಾರಾದರೆ ಇನ್ನೊಂದು ತೊಂದರೆ. ಅದರ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಕಾರು ಸ್ವಲ್ಪ ಹೊತ್ತು ವೇಗವಾಗಿ ಓಡಿ ಬಿಸಿಯಾದರೆ ಮಾತ್ರ ಆ ಮಸಿ ಸುಟ್ಟು ಹೋಗುತ್ತದೆ. ನಗರದಲ್ಲಿ ಮೂರು ಕಿ.ಮೀ. ಹೋಗಿ ನಿಲ್ಲುವ ಕಾರಿನಲ್ಲಿ ಅದು ಕಟ್ಟಿಕೊಳ್ಳುತ್ತದೆ, ಬದಲಾಯಿಸುವ ಖರ್ಚು ಸಣ್ಣದಲ್ಲ.

ಹಾಗೆಂದು ನಮ್ಮ ಕಡೆಯ ಗಾಡಿಗಳೆಲ್ಲ ಚಿನ್ನ ಎಂದಲ್ಲ. ಎರೆ ಹೊಲದ ದಾರಿಯ ಧೂಳು ಏರ್ ಫಿಲ್ಟರ್ ಕಟ್ಟಿಸುತ್ತದೆ, ಬದಲಾಯಿಸದೆ ಓಡಿಸಿದರೆ ಎಂಜಿನ್ ಒಳಗೆ ಹೋಗಿ ಸವೆಸುತ್ತದೆ. ಕೊರಕಲು ರಸ್ತೆಯಲ್ಲಿ ಸಸ್ಪೆನ್ಷನ್ ಬುಷ್‌ಗಳು ಬೇಗ ಹೋಗುತ್ತವೆ. ಕಾರಿನ ಹಿಂದೆ ಮೂಟೆ ಹೇರಿದವರೂ ಇದ್ದಾರೆ.

ಮೀಟರ್ ಸುಳ್ಳು ಹೇಳುತ್ತಿದೆಯೇ ಎಂದು ನೋಡಲು ಒಂದು ಸರಳ ದಾರಿ ಟೈರ್. ಟೈರಿನ ಬದಿಯಲ್ಲಿ ನಾಲ್ಕು ಅಂಕಿಯ ಗುರುತು ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. 2019ರ ಕಾರು 25 ಸಾವಿರ ಮಾತ್ರ ಓಡಿದೆ ಎನ್ನುತ್ತಾರೆ, ಆದರೆ ನಾಲ್ಕೂ ಟೈರ್ 2023ರವು. ಅಷ್ಟು ಬೇಗ ಏಕೆ ಬದಲಾಯಿತು ಎಂದು ಕೇಳಿ. ಬ್ರೇಕ್ ಪೆಡಲ್ ರಬ್ಬರ್, ಸ್ಟೀರಿಂಗ್ ಹಿಡಿ, ಚಾಲಕನ ಸೀಟಿನ ಅಂಚು ಸಹ ಮೀಟರಿಗಿಂತ ಪ್ರಾಮಾಣಿಕ.

ನೀರಿಗೆ ಬಿದ್ದ ಕಾರು

ಬೆಲೆ ತೀರಾ ಕಡಿಮೆ ಇದ್ದಾಗ ನಾನು ಮೊದಲು ಅನುಮಾನಿಸುವುದು ನೀರನ್ನು. 2015ರ ಡಿಸೆಂಬರ್‌ನಲ್ಲಿ ಚೆನ್ನೈ, 2018ರಲ್ಲಿ ಕೇರಳ, 2019ರ ಆಗಸ್ಟ್‌ನಲ್ಲಿ ಕೊಲ್ಹಾಪುರ ಮತ್ತು ಸಾಂಗ್ಲಿ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವಭಾಗ, 2023ರ ಡಿಸೆಂಬರ್‌ನಲ್ಲಿ ಮತ್ತೆ ಚೆನ್ನೈ ಮುಳುಗಿದವು. ಕಾರುಗಳೂ ಮುಳುಗಿದವು. ಹೆಚ್ಚು ಹಾನಿಯಾದ ಕಾರಿಗೆ ವಿಮೆ ಕಂಪನಿ ಹಣ ಕೊಟ್ಟು ಗಾಡಿಯನ್ನು ಗುಜರಿಗೆ ಕೊಳ್ಳುವವರಿಗೆ ಮಾರುತ್ತದೆ. ಅದರಲ್ಲಿ ಒಂದಷ್ಟು ತೊಳೆದು, ಒಣಗಿಸಿ, ಪಾಲಿಶ್ ಹಾಕಿಸಿಕೊಂಡು ಮತ್ತೆ ಮಾರುಕಟ್ಟೆಗೆ ಬರುತ್ತದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಇಂಥ ಕಾರಿನ ದಾಖಲೆಯ ಮೇಲೆ ಪ್ರವಾಹದ ಗುರುತು ಒತ್ತುತ್ತಾರೆ. ನಮ್ಮ ಆರ್‌ಸಿಯಲ್ಲಿ ಅಂಥದ್ದೇನೂ ಇರುವುದಿಲ್ಲ. ಅದಕ್ಕೇ ನೀರು ಬಿದ್ದ ಊರಿನಲ್ಲಿ ಮಾರದೆ ದೂರದ ಊರಿಗೆ ತರುವುದು ಲಾಭ. ಕೊಲ್ಹಾಪುರ ಮತ್ತು ರಾಣೆಬೆನ್ನೂರು ಒಂದೇ ಹೆದ್ದಾರಿಯ ಮೇಲಿವೆ ಎಂಬುದನ್ನು ಮರೆಯಬೇಡಿ.

ಒಣಗಿದ ಮೇಲೆ ಏನು ತೊಂದರೆ? ಕಬ್ಬಿಣ, ನೀರು, ಆಮ್ಲಜನಕ ಸೇರಿದರೆ ತುಕ್ಕು. ಆದರೆ ಈಗಿನ ಕಾರಿನಲ್ಲಿ ಅದಕ್ಕಿಂತ ದೊಡ್ಡ ಚಿಂತೆ ತಂತಿಗಳು. ಸೀಟಿನ ಕೆಳಗೆ, ನೆಲಹಾಸಿನ ಕೆಳಗೆ ವೈರಿಂಗ್ ಹಾದುಹೋಗುತ್ತದೆ, ಏರ್‌ಬ್ಯಾಗ್ ನಿಯಂತ್ರಿಸುವ ಪೆಟ್ಟಿಗೆ ಬಹುತೇಕ ಕಾರುಗಳಲ್ಲಿ ಗೇರ್ ಲಿವರ್ ಹತ್ತಿರ ಕೆಳಗೇ ಕೂತಿರುತ್ತದೆ. ಕೊಳೆನೀರಿನ ಲವಣ ಕನೆಕ್ಟರ್‌ಗಳ ತಾಮ್ರವನ್ನು ನಿಧಾನಕ್ಕೆ ತಿನ್ನುತ್ತದೆ. ಹಸಿರು ಪುಡಿಯಂತೆ ಕಾಣುವುದು ಅದೇ. ಕಾರು ಕೊಂಡ ದಿನ ಚೆನ್ನಾಗಿ ಓಡುತ್ತದೆ, ಆರು ತಿಂಗಳಾದ ಮೇಲೆ ಎಲ್ಲೋ ಒಂದು ದೀಪ ಹತ್ತುತ್ತದೆ, ಕಿಟಕಿ ಇಳಿಯುವುದಿಲ್ಲ. ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಳ್ಳದಿದ್ದರೆ ಅದು ಹಣದ ನಷ್ಟ ಮಾತ್ರ ಅಲ್ಲ.

ನೋಡುವುದು ಕಷ್ಟವೇನಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಸುರುಳಿಯ ಒಳಗಿದ್ದ ಭಾಗದಲ್ಲಿ ಕೆಸರಿನ ಗೆರೆ ಇದೆಯೇ? ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಗುಂಡಿಯಲ್ಲಿ ಮಣ್ಣು, ತುಕ್ಕು ನೋಡಿ. ಸೀಟಿನ ಕೆಳಗಿನ ಬೋಲ್ಟ್‌ಗಳು ತುಕ್ಕು ಹಿಡಿದಿದ್ದರೆ ಅಥವಾ ಹೊಸದಾಗಿ ಬಿಚ್ಚಿದ ಗುರುತಿದ್ದರೆ ಕೈ ತೊಳೆದುಕೊಳ್ಳಿ. ಕಿಟಕಿ ಮುಚ್ಚಿ ಹತ್ತು ನಿಮಿಷ ಎಸಿ ಹಾಕಿ, ಮುಗ್ಗಲು ವಾಸನೆ ಬರುತ್ತದೆಯೇ ನೋಡಿ. ಸೆಂಟಿನ ವಾಸನೆ ಅತಿಯಾಗಿದ್ದರೂ ಅದೇ ಅರ್ಥ.

ಕಾರವಾರ, ಮಂಗಳೂರು, ಗೋವಾ, ಮುಂಬೈ ಕಡೆಯ ಗಾಡಿಗೆ ಪ್ರವಾಹವೇ ಬೇಕಿಲ್ಲ, ಗಾಳಿಯಲ್ಲಿರುವ ಉಪ್ಪು ಸಾಕು. ಅದರಲ್ಲಿನ ಕ್ಲೋರೈಡ್ ಲೋಹದ ಮೇಲಿನ ರಕ್ಷಣೆಯ ಪದರವನ್ನು ಒಡೆದು ತುಕ್ಕನ್ನು ವೇಗಗೊಳಿಸುತ್ತದೆ. ಮೇಲಿನ ಬಣ್ಣ ನೋಡಿ ಮೋಸ ಹೋಗಬೇಡಿ, ಗ್ಯಾರೇಜಿನಲ್ಲಿ ಎತ್ತಿಸಿ ಅಡಿಭಾಗ ನೋಡಿ. ಹಾವೇರಿಯ ಒಣ ಹವೆಯಲ್ಲಿ ಬೆಳೆದ ಕಾರು ಸ್ವಲ್ಪ ಹೆಚ್ಚು ಬೆಲೆ ಕೇಳಿದರೆ ಈ ಒಂದು ವಿಷಯದಲ್ಲಿ ನ್ಯಾಯ ಇದೆ.

ಗೊತ್ತಿರುವ ಗಾಡಿಗೆ ಹೆಚ್ಚು ಬೆಲೆ

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರಿನ ಮಾರುಕಟ್ಟೆಯನ್ನೇ ಉದಾಹರಣೆ ಮಾಡಿಕೊಂಡು ಒಂದು ಪ್ರಬಂಧ ಬರೆದರು. ಮಾರುವವನಿಗೆ ಕಾರಿನ ಹುಳುಕು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಕಾರಿಗೂ ಅನುಮಾನದ ಬೆಲೆಯನ್ನೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವರು ಮಾರಲು ಒಪ್ಪುವುದಿಲ್ಲ, ಮಾರುಕಟ್ಟೆಯಲ್ಲಿ ಕೆಟ್ಟದ್ದೇ ಹೆಚ್ಚು ಉಳಿಯುತ್ತದೆ. ಈ ವಿಚಾರಕ್ಕೆ ಅವರಿಗೆ 2001ರಲ್ಲಿ ನೊಬೆಲ್ ಬಂತು.

ಬ್ಯಾಡಗಿಯಲ್ಲಿ ಒಬ್ಬ ಮೇಷ್ಟ್ರ ಕಾರು ಮಾರಾಟಕ್ಕೆ ಬಂತು ಎಂದುಕೊಳ್ಳಿ. ಅವರು ಹೇಗೆ ಓಡಿಸುತ್ತಾರೆ, ಎಲ್ಲಿ ಸರ್ವಿಸ್ ಮಾಡಿಸುತ್ತಾರೆ, ಎರಡು ವರ್ಷದ ಹಿಂದೆ ಮೋಟೆಬೆನ್ನೂರು ಹತ್ತಿರ ಎಲ್ಲಿ ಗುದ್ದಿತು ಎಂಬುದು ಅರ್ಧ ಊರಿಗೆ ಗೊತ್ತು. ನಾಳೆ ತೊಂದರೆಯಾದರೆ ಅವರ ಮನೆ ಬಾಗಿಲಿಗೇ ಹೋಗಬಹುದು. ಆ ಕಾರಿಗೆ ನೀವು ಕೊಡುವ ಹೆಚ್ಚಿನ 20-30 ಸಾವಿರ ಈ ಮಾಹಿತಿಯ ಬೆಲೆ. ದೂರದ ಕಾರಿಗೆ ಈ ಮಾಹಿತಿಯನ್ನು ನೀವೇ ಹುಡುಕಬೇಕು: ಕಂಪನಿ ಸರ್ವಿಸ್ ಸೆಂಟರಿನ ದಾಖಲೆ, ಹಳೆಯ ವಿಮೆ ಕ್ಲೇಮ್, ಎಂಪರಿವಾಹನ್ ಆ್ಯಪಿನಲ್ಲಿ ಮಾಲೀಕ ಎಷ್ಟನೆಯವನು, ಬ್ಯಾಂಕ್ ಸಾಲ ತೀರಿದೆಯೇ ಎಂಬುದು. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತೆಗೆಸಿರದಿದ್ದರೆ ಫಾರಂ 35 ಬ್ಯಾಂಕಿನಿಂದಲೇ ಬರಬೇಕು. ಹಳದಿ ಬೋರ್ಡ್ ಟ್ಯಾಕ್ಸಿಯಾಗಿ ಓಡಿ ಆಮೇಲೆ ಬಿಳಿ ಬೋರ್ಡ್ ಆದ ಗಾಡಿಗಳೂ ಇವೆ, ಅದನ್ನೂ ದಾಖಲೆಯಲ್ಲಿ ನೋಡಿ.

18% ಜಿಎಸ್‌ಟಿ ಫಾರ್ವರ್ಡ್

2024ರ ಡಿಸೆಂಬರ್ 21ರ ಜಿಎಸ್‌ಟಿ ಮಂಡಳಿ ಸಭೆಯ ಮರುದಿನದಿಂದ ಹರಡಿದ ಸಂದೇಶ ಇನ್ನೂ ಸುತ್ತುತ್ತಿದೆ: 'ಹಳೆಯ ಕಾರನ್ನು ನಷ್ಟಕ್ಕೆ ಮಾರಿದರೂ ನೀವು 18% ತೆರಿಗೆ ಕಟ್ಟಬೇಕು.' ಇದು ತಪ್ಪು. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿ, ತನ್ನ ಲಾಭದ ಅಂತರದ ಮೇಲೆ ಮಾತ್ರ ಇದನ್ನು ಕಟ್ಟಬೇಕು. ಅಂತರ ಇಲ್ಲದಿದ್ದರೆ ತೆರಿಗೆಯೂ ಇಲ್ಲ. ನೀವು ನಿಮ್ಮ ಸ್ವಂತ ಕಾರನ್ನು ಪಕ್ಕದ ಮನೆಯವರಿಗೆ ಮಾರಿದರೆ ಇದು ಅನ್ವಯಿಸುವುದೇ ಇಲ್ಲ.

ಇನ್ನೊಂದು ಜಿಎಸ್‌ಟಿ ಬದಲಾವಣೆ ಮಾತ್ರ ಎಲ್ಲರಿಗೂ ತಟ್ಟಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ತೆರಿಗೆ ಶೇ. 28 ಮತ್ತು ಸೆಸ್‌ನಿಂದ ಶೇ. 18ಕ್ಕೆ ಇಳಿಯಿತು. ಹೊಸದರ ಬೆಲೆ ಇಳಿದರೆ ಹಳೆಯದೂ ಇಳಿಯಬೇಕು. ಆದ್ದರಿಂದ ಅದಕ್ಕೂ ಮೊದಲಿನ ಬೆಲೆಪಟ್ಟಿಯ ಸ್ಕ್ರೀನ್‌ಶಾಟ್ ಹಿಡಿದು ಚೌಕಾಸಿ ಮಾಡಬೇಡಿ, ಮಾರುವವರು ಅದನ್ನು ತೋರಿಸಿದರೂ ಒಪ್ಪಬೇಡಿ.

ಹೆಸರು ಬದಲಾಗುವವರೆಗೆ

ಊರು ಯಾವುದೇ ಇರಲಿ, ವ್ಯವಹಾರ ಮುಗಿಯುವುದು ಹಣ ಕೊಟ್ಟಾಗ ಅಲ್ಲ, ಆರ್‌ಸಿಯಲ್ಲಿ ಹೆಸರು ಬದಲಾದಾಗ. ಮಾರಿದವರು ರಾಜ್ಯದ ಒಳಗಾದರೆ 14 ದಿನದಲ್ಲಿ, ಹೊರಗಾದರೆ 45 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದಲ್ಲಿ ಅರ್ಜಿ ಹಾಕಬೇಕು. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು ತಾರೀಖು ಬರೆಯದೆ ಬೀರುವಿನಲ್ಲಿ ಇಡುವ ಅಭ್ಯಾಸ ನಮ್ಮಲ್ಲಿ ಬಹಳ. ಕಾರು ಕೈಯಿಂದ ಕೈಗೆ ಮೂರು ಊರು ದಾಟಿದರೂ ದಾಖಲೆಯಲ್ಲಿ ಮೊದಲಿನವರ ಹೆಸರೇ ಇರುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದ್ದೇ ಪ್ರಕರಣ ಬಂದಿತ್ತು. ಕಾರು ಹಲವರ ಕೈ ದಾಟಿದ ಮೇಲೆ ಅಪಘಾತವಾಗಿತ್ತು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ಕೋರ್ಟ್ ಹೇಳಿತು.

ನೀವು ದೂರದ ಕಾರು ತರುವ ಖುಷಿಯಲ್ಲಿ ಮನೆಯ ಹಳೆಯ ಕಾರನ್ನು ದಲ್ಲಾಳಿಯ ಕೈಗೆ ಕೊಟ್ಟಿದ್ದರೆ, ಅದರ ನಂಬರನ್ನು ಇವತ್ತೇ ಎಂಪರಿವಾಹನ್‌ನಲ್ಲಿ ಹಾಕಿ ಮಾಲೀಕರ ಹೆಸರು ಬದಲಾಗಿದೆಯೇ ನೋಡಿ. ಬದಲಾಗಿಲ್ಲದಿದ್ದರೆ ಮಾರಾಟದ ಕರಾರು ಪತ್ರ, ಕೊಂಡವರ ಆಧಾರ್ ಪ್ರತಿ, ಹಣ ಬಂದ ದಾಖಲೆ ಹಿಡಿದು ಹಾವೇರಿ ಅಥವಾ ರಾಣೆಬೆನ್ನೂರಿನ ಸಾರಿಗೆ ಕಚೇರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.